ಶಾಲೆಯ ಸುದ್ದಿ ಮನೆ ಮುಟ್ಟಬೇಕಾದರೆ: ಪ್ರಾಥಮಿಕ ಶಾಲೆಯ ಶಿಕ್ಷಕರಿಗೊಂದು ಮಾರ್ಗದರ್ಶಿ

ನಾನು ಮುಖ್ಯ ಶಿಕ್ಷಕಿಯಾದ ಮೊದಲ ವರ್ಷ ಜುಲೈ ಎರಡನೇ ವಾರದಲ್ಲಿ ಪೋಷಕರ ಸಭೆ ಕರೆದೆ. ಬೆಳಿಗ್ಗೆ ಹನ್ನೊಂದಕ್ಕೆ. ನೋಟಿಸ್ ಬೋರ್ಡಿಗೆ ಅಂಟಿಸಿದ್ದೆ, ಮಕ್ಕಳ ಕೈಲಿ ಚೀಟಿ ಕಳಿಸಿದ್ದೆ, ವಾಟ್ಸಾಪ್ ಗ್ರೂಪಿಗೂ ಹಾಕಿದ್ದೆ. ಬಂದವರು ಒಂಬತ್ತು ಜನ. ಅದರಲ್ಲಿ ಇಬ್ಬರು ನಮ್ಮ ಬಿಸಿಯೂಟದ ಅಡುಗೆಯವರೇ. ನನಗೆ ಸಿಟ್ಟು ಬಂತು. "ಈ ಊರಿನವರಿಗೆ ಮಕ್ಕಳ ಓದು ಬೇಕಾಗೇ ಇಲ್ಲ" ಅಂತ ಪಕ್ಕದ ಟೀಚರ್ ಹತ್ತಿರ ಗೊಣಗಿದೆ. ಅವರು ಏನೂ ಹೇಳಲಿಲ್ಲ. ಕಿಟಕಿಯ ಆಚೆ ಕೈ ತೋರಿಸಿದರು. ಇಡೀ ಊರು ಗದ್ದೆಯಲ್ಲಿತ್ತು. ನಾಟಿ ನಡೆಯುತ್ತಿತ್ತು.

ಮಲೆನಾಡಿನಲ್ಲಿ ನಾಟಿಯ ದಿನ ಕೂಲಿ ಬಿಟ್ಟು ಸಭೆಗೆ ಬನ್ನಿ ಅಂದರೆ ಯಾರು ಬರುತ್ತಾರೆ? ನಾನೇ ಆ ಮನೆಯವಳಾಗಿದ್ದರೂ ಬರುತ್ತಿರಲಿಲ್ಲ. ನಾನು ಸುದ್ದಿ ಕಳಿಸಿದ್ದೆ, ನಿಜ. ಅದು ಯಾರ ಕೈಗೆ, ಯಾವ ಹೊತ್ತಿಗೆ, ಯಾವ ಮಾತಿನಲ್ಲಿ ಹೋಗಬೇಕು ಅಂತ ಯೋಚಿಸಿರಲಿಲ್ಲ. ಆಮೇಲಿನ ವರ್ಷಗಳಲ್ಲಿ ಎಡವುತ್ತಾ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಸರ್ಕಾರಿ ಶಾಲೆಯ ಅನುಭವ ಇದು. ಖಾಸಗಿ ಶಾಲೆಯವರಿಗೂ ಅರ್ಧಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದೀತು.

ಮೊದಲು: ಚೀಲ ಹೆಗಲಿಗೇರಿಸುವವರು ಯಾರು ಅಂತ ಬರೆದುಕೊಳ್ಳಿ

ದಾಖಲಾತಿ ಪುಸ್ತಕದಲ್ಲಿ ತಂದೆಯ ಹೆಸರು, ತಂದೆಯ ನಂಬರು ಇರುತ್ತದೆ. ಇಲಾಖೆ ಮಕ್ಕಳ ವಿವರ ಇಟ್ಟುಕೊಳ್ಳುವ ಆನ್‌ಲೈನ್ ವ್ಯವಸ್ಥೆ ಸ್ಯಾಟ್ಸ್‌ನಲ್ಲೂ ಅದೇ. ಆ ಫೋನು ತಂದೆಯ ಜೇಬಿನಲ್ಲಿ ಶಿವಮೊಗ್ಗದಲ್ಲೋ ಬೆಂಗಳೂರಿನಲ್ಲೋ ಇರುತ್ತದೆ. ಬೆಳಿಗ್ಗೆ ಮಗುವಿಗೆ ತಲೆ ಬಾಚಿ, ಚೀಲ ಹಾಕಿ, ರಸ್ತೆ ತನಕ ಬಂದು ಬಿಡುವುದು ಅಜ್ಜಿ. ಸುದ್ದಿ ಬೇಕಾದದ್ದು ಅವರಿಗೆ.

ಹಾಗಾಗಿ ಶಾಲೆ ಶುರುವಾದ ಮೊದಲ ಹದಿನೈದು ದಿನದಲ್ಲಿ ಒಂದು ನೋಟ್‌ಬುಕ್ ಮಾಡಿ. ಪ್ರತಿ ಮಗುವಿಗೆ ಒಂದು ಸಾಲು. ಮಗುವನ್ನು ಕಳಿಸುವವರು ಯಾರು. ಅವರ ಹತ್ತಿರ ಇರುವುದು ಕೀಪ್ಯಾಡ್ ಫೋನೋ, ಸ್ಮಾರ್ಟ್ ಫೋನೋ, ಅಥವಾ ಎರಡೂ ಇಲ್ಲವೋ. ಮನೆಯಲ್ಲಿ ಸಿಗ್ನಲ್ ಸಿಗುತ್ತದಾ. ಮನೆ ಮಾತು ಯಾವುದು. ಎಷ್ಟು ಹೊತ್ತಿಗೆ ಬಿಡುವು. ಕೊನೆಯಲ್ಲಿ ಇನ್ನೊಂದು ಕಲಂ: ಆ ಮನೆಗೆ ಬಾಯಿಮಾತಿನಲ್ಲಿ ಸುದ್ದಿ ಮುಟ್ಟಿಸಬಲ್ಲ ಪಕ್ಕದ ಮನೆ ಯಾವುದು. ಈ ಕೊನೆಯ ಕಲಂ ಮಳೆಗಾಲದಲ್ಲಿ ಚಿನ್ನ. ಕರೆಂಟು ಹೋಗಿ ಮೂರು ದಿನ ಟವರ್ ಸತ್ತಾಗ ನಮ್ಮನ್ನು ಉಳಿಸಿದ್ದು ಇದೇ.

"ಓದಲು ಬರುತ್ತಾ?" ಅಂತ ಮಾತ್ರ ನೇರವಾಗಿ ಕೇಳಬೇಡಿ. "ಫೋನ್ ಮಾಡಿದರೆ ಅನುಕೂಲವೋ, ಚೀಟಿ ಕಳಿಸಿದರೆ ಅನುಕೂಲವೋ?" ಅಂತ ಕೇಳಿ. ಉತ್ತರ ಅದರಲ್ಲೇ ಸಿಗುತ್ತದೆ. ಯಾರ ಮುಖವೂ ಸಣ್ಣದಾಗುವುದಿಲ್ಲ.

ತೋಟದ ಕೆಲಸಕ್ಕೆ ದೂರದಿಂದ ಬಂದವರ ಮಕ್ಕಳಿದ್ದರೆ ಇನ್ನೊಂದು ಎಚ್ಚರ ಬೇಕು. ಬಳ್ಳಾರಿ, ವಿಜಯಪುರ ಕಡೆಯವರಾದರೆ ಕನ್ನಡವೇ, ಸ್ವಲ್ಪ ಬೇರೆ ಕನ್ನಡ. ಕಾಫಿ ತೋಟಗಳಲ್ಲಿ ಈಗ ಅಸ್ಸಾಮಿನಿಂದ ಬಂದ ಕುಟುಂಬಗಳೂ ಇವೆ. ಅಂಥ ಕಡೆ ತೋಟದ ಲೆಕ್ಕ ಬರೆಯುವ ರೈಟರ್ ಮೂಲಕ ಹೇಳಿಸುವುದು ಸುಲಭ. ಆದರೆ ರಜೆ, ಸಮಯ, ಊಟದಂಥ ಮಾತು ಮಾತ್ರ ಅವರ ಮೂಲಕ ಹೋಗಲಿ. ಮಗುವಿನ ಓದಿನ ಮಾತು, ಮನೆಯ ಕಷ್ಟದ ಮಾತು ಕೆಲಸ ಕೊಟ್ಟವರ ಕಿವಿಗೆ ಬೀಳಬಾರದು. ಮಗುವನ್ನೇ ನಿಲ್ಲಿಸಿ ಅದರ ಮೇಲಿನ ದೂರನ್ನು ಅದರ ಬಾಯಲ್ಲೇ ಅನುವಾದ ಮಾಡಿಸುವುದನ್ನೂ ನೋಡಿದ್ದೇನೆ. ಪಾಪ, ಅದು ಏನಂತ ಹೇಳೀತು?

ಜೂನ್‌ನಲ್ಲಿ ಒಂದೇ ಒಂದು ಹಾಳೆ

ಶಾಲಾ ಪ್ರಾರಂಭೋತ್ಸವದ ದಿನ ಮಾವಿನ ತೋರಣ ಕಟ್ಟಿ, ಸಿಹಿ ಹಂಚಿ ಮಕ್ಕಳನ್ನು ಬರಮಾಡಿಕೊಳ್ಳುತ್ತೇವೆ. ಅವತ್ತು ಬಂದ ಪೋಷಕರ ಕೈಗೆ ಭಾಷಣದ ಬದಲು ಒಂದು ಹಾಳೆ ಕೊಡಿ. ಬರದವರ ಮನೆಗೆ ಆ ವಾರದೊಳಗೆ ಮುಟ್ಟಿಸಿ. ಅಕ್ಷರ ದೊಡ್ಡದಿರಲಿ, ಒಂದೇ ಬದಿಯಲ್ಲಿರಲಿ. ಮೇಲೆ ಒಂದು ತೂತು ಹೊಡೆದು ದಾರ ಕಟ್ಟಿ. ನಮ್ಮ ಮನೆಗಳಲ್ಲಿ ಗೋಡೆಯ ಕ್ಯಾಲೆಂಡರ್ ಪಕ್ಕ ಒಂದು ಮೊಳೆ ಇದ್ದೇ ಇರುತ್ತದೆ. ಹಾಲಿನ ಲೆಕ್ಕ, ಸಿಲಿಂಡರ್ ಬಂದ ತಾರೀಖು, ಎಲ್ಲ ಅಲ್ಲೇ. ನಿಮ್ಮ ಹಾಳೆಯೂ ಅಲ್ಲೇ ನೇತಾಡಬೇಕು. ತೂತು ಹೊಡೆಯದೆ ಕೊಟ್ಟ ವರ್ಷ ಹಾಳೆಗಳು ಎಲ್ಲಿ ಹೋದವೋ ಗೊತ್ತಿಲ್ಲ. ಒಂದನ್ನು ಮಾತ್ರ ಮಂಡಕ್ಕಿ ಪೊಟ್ಟಣವಾಗಿ ಕಂಡೆ.

ಅದರಲ್ಲಿ ಏನಿರಬೇಕು? ಬೆಳಿಗ್ಗೆ ಎಷ್ಟಕ್ಕೆ ಪ್ರಾರ್ಥನೆ, ಸಂಜೆ ಎಷ್ಟಕ್ಕೆ ಬಿಡುವುದು. ಶನಿವಾರದ ಬೆಳಗಿನ ಶಾಲೆಯ ಸಮಯ. ದಸರಾ ರಜೆ ಯಾವಾಗಿನಿಂದ ಯಾವಾಗಿನವರೆಗೆ, ಬೇಸಿಗೆ ರಜೆ ಯಾವಾಗ. ರೂಪಣಾತ್ಮಕ, ಸಂಕಲನಾತ್ಮಕ ಪರೀಕ್ಷೆಗಳು ಸುಮಾರು ಯಾವ ತಿಂಗಳಲ್ಲಿ. ಈ ಎರಡು ಪದಗಳ ಪಕ್ಕದಲ್ಲಿ "ಕಿರು ಪರೀಕ್ಷೆ", "ಅರ್ಧ ವರ್ಷದ ಪರೀಕ್ಷೆ" ಅಂತ ಬರೆಯಿರಿ. ಮೊದಲ ಸಂಕಲನಾತ್ಮಕ ಪರೀಕ್ಷೆಯನ್ನು ಎಸ್‌ಎ–1 ಅಂದರೆ ಅಜ್ಜಿಗೆ ಏನೂ ಅರ್ಥವಾಗುವುದಿಲ್ಲ. ನಿಮ್ಮ ನಂಬರು, ಫೋನ್ ಮಾಡಬಹುದಾದ ಹೊತ್ತು. ಕೆಳಗೆ ಮಕ್ಕಳ ಸಹಾಯವಾಣಿ 1098.

ನಂತರ ನಿರೀಕ್ಷೆಗಳು. ಇಲ್ಲೇ ಹೆಚ್ಚು ಶಾಲೆಗಳು ದಾರಿ ತಪ್ಪುತ್ತವೆ. "ಮಕ್ಕಳು ಶಿಸ್ತು, ಸ್ವಚ್ಛತೆ ಮತ್ತು ಸಮಯಪಾಲನೆ ರೂಢಿಸಿಕೊಳ್ಳುವಂತೆ ಪೋಷಕರು ನೋಡಿಕೊಳ್ಳುವುದು." ಓದಿದವರು ಏನು ಮಾಡಬೇಕು ಹೇಳಿ? ಮನೆಯಲ್ಲಿ ಮಾಡಬಲ್ಲ ಕೆಲಸವನ್ನು ಬರೆಯಿರಿ, ಐದಕ್ಕಿಂತ ಜಾಸ್ತಿ ಬೇಡ. ನಮ್ಮ ಹಾಳೆಯಲ್ಲಿ ಇರುವುದು ಇಷ್ಟು:

ಹತ್ತು ಗಂಟೆಗೆ ಮೊದಲು ಮಗು ಶಾಲೆಯಲ್ಲಿರಲಿ.
ಬರದಿದ್ದರೆ ಆ ದಿನ ಒಂದು ಮಿಸ್ ಕಾಲ್ ಕೊಡಿ, ನಾವೇ ವಾಪಸ್ ಮಾಡುತ್ತೇವೆ.
ರಾತ್ರಿ ಮಗು ಹತ್ತು ನಿಮಿಷ ಗಟ್ಟಿಯಾಗಿ ಓದಲಿ, ನೀವು ಕೇಳಿಸಿಕೊಳ್ಳಿ. ನಿಮಗೆ ಓದಲು ಬರಬೇಕಾಗಿಲ್ಲ.
ಚೀಲದಲ್ಲಿ ಅವತ್ತಿನ ಪುಸ್ತಕ ಮಾತ್ರ ಹಾಕಿ.
ಫೋನ್ ನಂಬರು ಬದಲಾದರೆ ತಿಳಿಸಿ.

ಅದರ ಪಕ್ಕದಲ್ಲೇ ಶಾಲೆಯ ಕಡೆಯಿಂದ ಐದು ಮಾತು ಕೊಡಿ. ಮಗು ಎರಡು ದಿನ ಬರದಿದ್ದರೆ ನಾವೇ ಫೋನ್ ಮಾಡುತ್ತೇವೆ. ಮಗುವಿಗೆ ಪೆಟ್ಟಾದರೆ, ಜ್ವರ ಬಂದರೆ ಕೂಡಲೇ ತಿಳಿಸುತ್ತೇವೆ. ಮಗುವನ್ನು ಹೊಡೆಯುವುದಿಲ್ಲ. ದುಡ್ಡು ಕೇಳುವುದಿಲ್ಲ, ಪ್ರವಾಸದಂಥದ್ದಕ್ಕೆ ಕೇಳಿದರೆ ಯಾಕೆ, ಎಷ್ಟು ಅಂತ ಬರೆದು ಕೊಟ್ಟು ರಸೀದಿ ಕೊಡುತ್ತೇವೆ. ರಜೆ ಬದಲಾದರೆ ಹಿಂದಿನ ದಿನವೇ ಹೇಳಲು ನೋಡುತ್ತೇವೆ. ಒಂದು ಕಡೆಯ ಪಟ್ಟಿ ಆಜ್ಞೆಯ ಹಾಗೆ ಕಾಣುತ್ತದೆ. ಎರಡೂ ಕಡೆಯದು ಇದ್ದರೆ ಜನ ನಿಮ್ಮ ಪಟ್ಟಿಯನ್ನೂ ಓದುತ್ತಾರೆ, ತಪ್ಪಿದರೆ ಕೇಳುತ್ತಾರೆ. ಕೇಳಲಿ.

ಹೊಡೆಯುವುದಿಲ್ಲ ಎಂಬ ಸಾಲಿಗೆ ಪ್ರತಿವರ್ಷ ಒಬ್ಬರಾದರೂ ತಕರಾರು ತೆಗೆಯುತ್ತಾರೆ. "ಎರಡು ಬಾರಿಸಿ ಮಿಸ್, ನಾವೇನೂ ಕೇಳಲ್ಲ" ಅಂತ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆಯುವುದನ್ನೂ ಮನಸ್ಸಿಗೆ ನೋವಾಗುವಂತೆ ಹಿಂಸಿಸುವುದನ್ನೂ ನಿಷೇಧಿಸಿದೆ ಅಂತ ನಗುತ್ತಲೇ ಹೇಳುತ್ತೇನೆ. ಕೆಲವರಿಗೆ ಸಮಾಧಾನವಾಗುವುದಿಲ್ಲ. ಇರಲಿ.

ಚೀಲದ ಮಾತು ಸುಮ್ನೆ ಸೇರಿಸಿದ್ದಲ್ಲ. 2019ರ ಸುತ್ತೋಲೆಯ ಪ್ರಕಾರ ನಮ್ಮ ರಾಜ್ಯದಲ್ಲಿ 1 ಮತ್ತು 2ನೇ ತರಗತಿಯ ಮಕ್ಕಳ ಚೀಲ ಒಂದೂವರೆಯಿಂದ 2 ಕಿಲೋ, 3ರಿಂದ 5ನೇ ತರಗತಿಯವರದು 2ರಿಂದ 3 ಕಿಲೋ ಮೀರಬಾರದು. ತಿಂಗಳ ಮೂರನೇ ಶನಿವಾರ ಚೀಲವೇ ಬೇಡ. ಇದು ಮನೆಯವರಿಗೆ ಗೊತ್ತಿಲ್ಲದಿದ್ದರೆ ಆ ಶನಿವಾರವೂ ಮಗು ಹೊರೆ ಹೊತ್ತುಕೊಂಡೇ ಬರುತ್ತದೆ.

ಸುತ್ತೋಲೆಯನ್ನು ಮನೆಮಾತಿಗೆ ತನ್ನಿ

ಇಲಾಖೆಯಿಂದ ಬಂದ ಪಿಡಿಎಫ್ ಅನ್ನು ಹಾಗೇ ಗ್ರೂಪಿಗೆ ತಳ್ಳುವುದು ನಮಗೆಲ್ಲ ಇರುವ ಕೆಟ್ಟ ಚಟ. ನಾವು ಬರೆದರೂ ಅದೇ ಭಾಷೆ ಬರುತ್ತದೆ. ನಾನೇ ಒಮ್ಮೆ ಹೀಗೆ ಬರೆದಿದ್ದೆ:

"ಈ ಮೂಲಕ ಎಲ್ಲಾ ಪೋಷಕರಿಗೆ ತಿಳಿಯಪಡಿಸುವುದೇನೆಂದರೆ, ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನಕ್ಕೆ ಸಂಬಂಧಿಸಿದ ಅಗತ್ಯ ದಾಖಲಾತಿಗಳನ್ನು ನಿಗದಿತ ಅವಧಿಯೊಳಗೆ ಕಡ್ಡಾಯವಾಗಿ ಸಲ್ಲಿಸತಕ್ಕದ್ದು. ತಪ್ಪಿದಲ್ಲಿ ಶಾಲೆಯು ಜವಾಬ್ದಾರಿಯಲ್ಲ."

ಒಬ್ಬರೂ ಏನೂ ತರಲಿಲ್ಲ. ಮಾರನೇ ವರ್ಷ ಹೀಗೆ ಬರೆದೆ:

"ನಿಮ್ಮ ಮಗುವಿನ ಸ್ಕಾಲರ್‌ಶಿಪ್ಪಿಗೆ ಜಾತಿ–ಆದಾಯ ಪ್ರಮಾಣಪತ್ರ ಬೇಕು. ಹಳೆಯದು ಮನೆಯಲ್ಲಿದ್ದರೆ ಮೊದಲು ಅದನ್ನೇ ತಂದು ತೋರಿಸಿ, ನಡೆಯುತ್ತದಾ ಅಂತ ನೋಡಿ ಹೇಳುತ್ತೇವೆ. ಇಲ್ಲದಿದ್ದರೆ ನಾಡಕಚೇರಿಯಲ್ಲಿ ಮಾಡಿಸಿ. ಆಧಾರ್, ರೇಷನ್ ಕಾರ್ಡ್ ತಗೊಂಡು ಹೋಗಿ. ಒಂದು ಜೆರಾಕ್ಸ್ ಶಾಲೆಗೆ ಕೊಡಿ. ಕೊನೆಯ ದಿನ ಬರುವ ಶುಕ್ರವಾರದ ಆಚೆಯ ಶುಕ್ರವಾರ."

ಕೊನೆಯ ದಿನವನ್ನು ತಾರೀಖಿನ ಜೊತೆ ವಾರದಲ್ಲೂ ಹೇಳಿ. ಸಂತೆ ದಿನ ಗೊತ್ತಿದ್ದರೆ ಇನ್ನೂ ಒಳ್ಳೆಯದು. "ಸಂತೆಗೆ ಹೋದಾಗ ನಾಡಕಚೇರಿಗೂ ಹೋಗಿ ಬನ್ನಿ" ಅಂದರೆ ಒಂದು ದಿನದ ಕೂಲಿ ಉಳಿಯುತ್ತದೆ. ಒಂದು ಸಂದೇಶದಲ್ಲಿ ಒಂದೇ ಕೆಲಸ ಹೇಳಿ. ಸ್ಕಾಲರ್‌ಶಿಪ್, ಯೂನಿಫಾರ್ಮ್ ಅಳತೆ, ಶನಿವಾರದ ಸಮಯ ಮೂರನ್ನೂ ಒಂದರಲ್ಲೇ ತುರುಕಿದರೆ ಕೊನೆಯದು ಮಾತ್ರ ನೆನಪಿರುತ್ತದೆ. "ಕಡ್ಡಾಯ" ಎಂಬ ಪದವನ್ನು ವರ್ಷಕ್ಕೆ ಎರಡು ಸಲಕ್ಕಿಂತ ಜಾಸ್ತಿ ಬಳಸಬೇಡಿ. ಎಲ್ಲವೂ ಕಡ್ಡಾಯ ಆದರೆ ಯಾವುದೂ ಕಡ್ಡಾಯ ಅಲ್ಲ, ಅಲ್ವಾ?

ಹೆಸರಿನ ವಿಷಯ ಜೂನ್‌ನಲ್ಲೇ ಎತ್ತಿಬಿಡಿ. ಆಧಾರ್‌ನಲ್ಲಿ ಒಂದು ಸ್ಪೆಲ್ಲಿಂಗು, ಶಾಲೆಯಲ್ಲಿ ಇನ್ನೊಂದು, ಬ್ಯಾಂಕಿನಲ್ಲಿ ಇನಿಷಿಯಲ್ ಬೇರೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗದೆ ಬರಬೇಕಾದ ದುಡ್ಡು ನಿಂತ ಮೇಲೆ ಓಡಾಡುವುದಕ್ಕಿಂತ ಮೊದಲೇ ಸರಿಮಾಡಿಸುವುದು ಸುಲಭ.

ವಾಟ್ಸಾಪ್ ಇರಲಿ, ಆದರೆ ಅದೊಂದೇ ಅಲ್ಲ

ಗ್ರೂಪ್ ಮಾಡಿದರೆ "ಅಡ್ಮಿನ್‌ಗಳು ಮಾತ್ರ ಸಂದೇಶ ಕಳಿಸಬಹುದು" ಅಂತ ಸೆಟ್ ಮಾಡಿ. ಇಲ್ಲದಿದ್ದರೆ ನೂರು ಶುಭೋದಯದ ನಡುವೆ ನಿಮ್ಮ ರಜೆಯ ಸುದ್ದಿ ಮುಳುಗುತ್ತದೆ. ಚುನಾವಣೆ ಬಂದರಂತೂ ಕೇಳುವುದೇ ಬೇಡ. ಜನ ಉತ್ತರ ಕೊಡಬೇಕಾದರೆ ನಿಮ್ಮ ನಂಬರಿಗೆ ನೇರವಾಗಿ ಬರೆಯಲಿ.

ಇನ್ನೊಂದು ಮಾತನ್ನು ಗಂಡಸರು ಹೆಚ್ಚಾಗಿ ಯೋಚಿಸುವುದಿಲ್ಲ. ಗ್ರೂಪಿಗೆ ಸೇರಿಸಿದ ಕೂಡಲೇ ತಾಯಂದಿರ ನಂಬರು ಎಲ್ಲರಿಗೂ ಸಿಗುತ್ತದೆ. ಬೇಡದ ಹೊತ್ತಲ್ಲಿ ಬೇಡದ ಕರೆ ಬರುತ್ತದೆ, ಅವರು ಗ್ರೂಪ್ ಬಿಡುತ್ತಾರೆ, ಯಾಕೆ ಅಂತ ನಿಮಗೆ ಹೇಳುವುದೂ ಇಲ್ಲ. ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿದರೆ ಈ ತೊಂದರೆ ಇಲ್ಲ. ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಹೋಗುತ್ತದೆ. ಒಂದೇ ಷರತ್ತು: ಅವರು ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡಿರಬೇಕು. ಪ್ರಾರಂಭೋತ್ಸವದ ದಿನ ನೀವೇ ಅವರ ಫೋನ್ ಇಸಕೊಂಡು ಸೇವ್ ಮಾಡಿಕೊಡಿ.

ಬರೆದು ಕಳಿಸುವುದಕ್ಕಿಂತ ಮಾತಾಡಿ ಕಳಿಸಿ. ಮೂವತ್ತು ಸೆಕೆಂಡಿನ ವಾಯ್ಸ್ ಮೆಸೇಜ್ ಸಾಕು. ಓದಲು ಬಾರದವರಿಗೂ ಮುಟ್ಟುತ್ತದೆ, ಅಡುಗೆ ಮಾಡುತ್ತಾ ಕೇಳಬಹುದು. ಅದರ ಕೆಳಗೆ ಎರಡು ಸಾಲು ಬರಹವೂ ಇರಲಿ, ಆಮೇಲೆ ಹುಡುಕಲು. ಸಂಜೆ ಏಳರ ಸುಮಾರಿಗೆ, ಧಾರಾವಾಹಿ ಶುರುವಾಗುವ ಮುಂಚೆ ಕಳಿಸಿ.

ಗ್ರೂಪಿನಲ್ಲಿ ಹಾಕಬಾರದ್ದು: ಮಕ್ಕಳ ಅಂಕಪಟ್ಟಿ, "ಈ ಕೆಳಗಿನವರು ದಾಖಲೆ ಕೊಟ್ಟಿಲ್ಲ" ಎಂಬ ಪಟ್ಟಿ, ಜಾತಿ ಕಾಣುವ ಸ್ಕಾಲರ್‌ಶಿಪ್ ಪಟ್ಟಿ, ಯಾವುದೇ ಮಗುವಿನ ಅಳುಮುಖದ ಫೋಟೋ. ಆಟದ ಫೋಟೋ ಹಾಕುವುದಾದರೂ ವರ್ಷದ ಮೊದಲೇ ಮನೆಯವರನ್ನು ಒಂದು ಮಾತು ಕೇಳಿ ಬರೆದಿಟ್ಟುಕೊಳ್ಳಿ.

ಫೋನ್ ಇಲ್ಲದವರಿಗೆ? ಊರಿನಲ್ಲಿ ಎಲ್ಲರೂ ದಿನಾ ಹೋಗುವ ಜಾಗ ಯಾವುದು ನೋಡಿ. ಶಾಲೆಯ ನೋಟಿಸ್ ಬೋರ್ಡ್ ಅಂತೂ ಅಲ್ಲ. ಹಾಲಿನ ಡೈರಿ, ನ್ಯಾಯಬೆಲೆ ಅಂಗಡಿ, ಅಂಗನವಾಡಿ, ಹೆಂಗಸರ ಸಂಘದ ವಾರದ ಸಭೆ. ಡೈರಿಯಲ್ಲಿ ಬೆಳಿಗ್ಗೆ ಆರೂವರೆಗೆ ಹಾಲು ಅಳೆಯುವವರಿಗೆ ಒಂದು ಚೀಟಿ ಕೊಟ್ಟರೆ ಏಳೂವರೆಯೊಳಗೆ ಊರಿಗೆಲ್ಲ ಗೊತ್ತು. ಆಶಾ ಕಾರ್ಯಕರ್ತೆಯರನ್ನು ಇದಕ್ಕೆ ಎಳೆಯಬೇಡಿ, ಅವರ ತಲೆಯ ಮೇಲೆ ಈಗಾಗಲೇ ಬೇಕಾದಷ್ಟಿದೆ. ಆರೋಗ್ಯದ ವಿಷಯವಾದರೆ ಮಾತ್ರ ಕೇಳಿ.

ಮಳೆ ರಜೆ ಮತ್ತು ಸುಳ್ಳು ಆದೇಶ

ಕರಾವಳಿ, ಮಲೆನಾಡಿನ ಶಾಲೆಗಳಿಗೆ ಇದು ದೊಡ್ಡ ತಲೆನೋವು. ಜಿಲ್ಲಾಧಿಕಾರಿಗಳ ರಜೆ ಆದೇಶ ಬರುವುದು ಹೆಚ್ಚಾಗಿ ರಾತ್ರಿ, ಕೆಲವೊಮ್ಮೆ ಬೆಳಿಗ್ಗೆ ಆರಕ್ಕೆ. ಅಷ್ಟರಲ್ಲಿ ಹಳೆಯ ಆದೇಶದ ತಾರೀಖು ತಿದ್ದಿದ ಒಂದು ನಕಲಿ ಫೋಟೋ ಎಲ್ಲರ ಮೊಬೈಲ್ ಸುತ್ತಿ ಬಂದಿರುತ್ತದೆ. ನಮ್ಮಲ್ಲೂ ಒಂದು ಬೆಳಿಗ್ಗೆ ಶಾಲೆಗೆ ಬಂದದ್ದು ನಾವು ಮತ್ತು ಫೋನ್ ಇಲ್ಲದ ಮನೆಯ ಆರು ಮಕ್ಕಳು. ಅವತ್ತು ರಜೆಯೇ ಇರಲಿಲ್ಲ.

ಆಮೇಲೆ ಒಂದು ನಿಯಮ ಮಾಡಿದೆವು. ಜೂನ್ ಹಾಳೆಯಲ್ಲೇ ಅದನ್ನು ಅಚ್ಚು ಹಾಕಿಸಿದ್ದೇವೆ: "ಬೆಳಿಗ್ಗೆ 7 ಗಂಟೆಯೊಳಗೆ ಹೆಡ್ ಮಿಸ್ ಧ್ವನಿಯಲ್ಲಿ ರಜೆ ಅಂತ ಬರದಿದ್ದರೆ ಶಾಲೆ ಇದೆ. ಬೇರೆ ಯಾರು ಯಾವ ಕಾಗದ ಕಳಿಸಿದರೂ ನಂಬಬೇಡಿ." ಫೋಟೋ ತಿದ್ದುವುದು ಸುಲಭ, ನನ್ನ ಗಂಟಲು ತಿದ್ದುವುದು ಅಷ್ಟು ಸುಲಭವಲ್ಲ ಅಂತ ಅಂದುಕೊಂಡಿದ್ದೇನೆ. ಈಗಿನ ಕಾಲದಲ್ಲಿ ಅದನ್ನೂ ಹೇಳಲಾಗದು. ಹಾಗಾಗಿ ಸಂದೇಶದಲ್ಲಿ ಅವತ್ತಿನ ವಾರ, ಹಿಂದಿನ ದಿನ ಶಾಲೆಯಲ್ಲಿ ಮಾಡಿದ ಸಾರು ಯಾವುದು ಅಂತಲೂ ಹೇಳುತ್ತೇನೆ. ಮಕ್ಕಳಿಗೆ ಇದೊಂದು ಆಟವಾಗಿದೆ.

ಟವರ್ ಇಲ್ಲದ ಕೇರಿಗಳಿಗೆ ಒಂದೊಂದು ಮನೆ ಗೊತ್ತುಮಾಡಿಕೊಳ್ಳಿ. ನೀವು ಆ ನಾಲ್ಕು ಮನೆಗೆ ಹೇಳಿದರೆ ಅವರು ಉಳಿದವರಿಗೆ ಕೂಗಿ ಹೇಳುತ್ತಾರೆ. ಇನ್ನೊಂದು: ಹಳ್ಳ ದಾಟಿ ಬರುವ ಮಕ್ಕಳ ಮನೆಯವರಿಗೆ ಮೊದಲೇ ಹೇಳಿಬಿಡಿ, ಹಳ್ಳ ತುಂಬಿದ್ದರೆ ರಜೆ ಘೋಷಣೆಗೆ ಕಾಯಬೇಡಿ, ಕಳಿಸಬೇಡಿ. ಮಳೆ ರಜೆಯನ್ನು ಆಮೇಲೆ ಶನಿವಾರ ಮಧ್ಯಾಹ್ನವೋ ಭಾನುವಾರವೋ ಶಾಲೆ ನಡೆಸಿ ತುಂಬಿಸಬೇಕಾಗುತ್ತದೆ. ಅದನ್ನೂ ಅದೇ ಉಸಿರಿನಲ್ಲಿ ತಿಳಿಸಿ, ಇಲ್ಲದಿದ್ದರೆ ಭಾನುವಾರ ಎಲ್ಲರೂ ನೆಂಟರ ಮನೆಯಲ್ಲಿರುತ್ತಾರೆ.

ಮಾತ್ರೆ ಕೊಡುವ ಮುಂಚೆ

ಫೆಬ್ರವರಿ 10 ಮತ್ತು ಆಗಸ್ಟ್ 10 ರಾಷ್ಟ್ರೀಯ ಜಂತುಹುಳ ನಿವಾರಣಾ ದಿನ. ಅಲ್ಬೆಂಡಜೋಲ್ ಮಾತ್ರೆ ಕೊಡುತ್ತೇವೆ. ಜೊತೆಗೆ ವಾರಕ್ಕೊಮ್ಮೆ ಕಬ್ಬಿಣಾಂಶದ ಮಾತ್ರೆ. ಐದನೇ ತರಗತಿವರೆಗಿನವರಿಗೆ ಗುಲಾಬಿ ಬಣ್ಣದ್ದು, ಆರರಿಂದ ನೀಲಿ. ಹೇಳದೆ ಕೊಟ್ಟರೆ ಒಂದು ಮಗು ವಾಂತಿ ಮಾಡಿದರೂ ಸಾಕು, ಮಧ್ಯಾಹ್ನ ಮೂರಕ್ಕೆ ಊರೇ ಶಾಲೆಯ ಅಂಗಳದಲ್ಲಿರುತ್ತದೆ.

ಎರಡು ದಿನ ಮೊದಲೇ ತಿಳಿಸಿ. ಊಟವಾದ ಮೇಲೆಯೇ ಕೊಡುತ್ತೇವೆ. ಹುಳ ಜಾಸ್ತಿ ಇದ್ದ ಮಗುವಿಗೆ ಸ್ವಲ್ಪ ಹೊಟ್ಟೆನೋವು, ವಾಕರಿಕೆ ಬರಬಹುದು, ಬೇಗ ಇಳಿಯುತ್ತದೆ. ಕಬ್ಬಿಣದ ಮಾತ್ರೆ ತಿಂದರೆ ಮಲ ಕಪ್ಪಾಗುತ್ತದೆ, ಹೆದರಬೇಡಿ. ಮಗುವಿಗೆ ಜ್ವರ ಇದ್ದರೆ, ಬೇರೆ ಔಷಧಿ ನಡೆಯುತ್ತಿದ್ದರೆ ತಿಳಿಸಿ, ಅವತ್ತು ಕೊಡುವುದಿಲ್ಲ. ಕಪ್ಪು ಮಲದ ಮಾತನ್ನು ಹೇಳಲು ಕೆಲವು ಶಿಕ್ಷಕರಿಗೆ ಮುಜುಗರ. ಆ ಒಂದು ವಾಕ್ಯ ಹೇಳದೆ ಬಿಟ್ಟಿದ್ದಕ್ಕೆ ಒಬ್ಬ ತಾಯಿ ಮಗುವನ್ನು ಕರೆದುಕೊಂಡು ತಾಲ್ಲೂಕು ಆಸ್ಪತ್ರೆವರೆಗೆ ಓಡಿದ್ದರು.

ಊಟದ ಸುದ್ದಿಯೂ ಹೀಗೇ. 2013ರ ಕ್ಷೀರಭಾಗ್ಯದಿಂದ ಹಾಲು ಇದೆ. 2024ರಲ್ಲಿ ಮೊಟ್ಟೆ ವಾರಕ್ಕೆ 2 ದಿನದಿಂದ 6 ದಿನಕ್ಕೆ ಏರಿತು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಇದೆ. ಮೊದಲು ಚಿಕ್ಕಿಯೂ ಇತ್ತು, 2025ರಲ್ಲಿ ನಿಲ್ಲಿಸಿದರು. ಯಾವುದು ಬೇಕು ಅಂತ ಮಗುವನ್ನು ಎಲ್ಲರ ಎದುರು ಕೇಳುವುದಕ್ಕಿಂತ ಮನೆಯವರನ್ನು ವರ್ಷದ ಆರಂಭದಲ್ಲೇ ಕೇಳಿ ಬರೆದಿಟ್ಟುಕೊಳ್ಳಿ. ಯಾವುದಾದರೂ ತಿನಿಸು ಆಗದ ಮಗು ಇದ್ದರೆ ಆಗಲೇ ಗೊತ್ತಾಗುತ್ತದೆ.

ಮಗು ಏನು ಕಲಿಯುತ್ತಿದೆ ಅಂತ ಹೇಳುವುದು

ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ಶಿಕ್ಷಕರ ಕರ್ತವ್ಯಗಳನ್ನು ಹೇಳುತ್ತದೆ. ಪೋಷಕರನ್ನು ನಿಯಮಿತವಾಗಿ ಭೇಟಿ ಮಾಡಿ ಮಗುವಿನ ಹಾಜರಾತಿ, ಕಲಿಯುವ ಸಾಮರ್ಥ್ಯ, ಕಲಿಕೆಯ ಪ್ರಗತಿ ತಿಳಿಸಬೇಕು ಎನ್ನುವುದು ಅದರಲ್ಲೊಂದು. ಅಂದರೆ ಇದು ನಾವು ಮಾಡುವ ಉಪಕಾರವಲ್ಲ, ಕೆಲಸದ ಭಾಗ.

ಹಾಜರಾತಿ ಹೇಳುವುದು ಸುಲಭ. ಕಷ್ಟ ಬರುವುದು ನಲಿಕಲಿಯಲ್ಲಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ಈ ಪದ್ಧತಿ ಈಗ ನಮ್ಮ ಸರ್ಕಾರಿ ಶಾಲೆಗಳ 1ರಿಂದ 3ನೇ ತರಗತಿಗಳಲ್ಲಿದೆ. ಮೂರೂ ತರಗತಿಯವರು ಒಟ್ಟಿಗೆ ಕೂರುತ್ತಾರೆ, ಕಾರ್ಡು ಹಿಡಿದು ಓಡಾಡುತ್ತಾರೆ, ಗೋಡೆಯ ಸ್ಲೇಟಿನ ಮೇಲೆ ಬರೆಯುತ್ತಾರೆ. ಹೊರಗಿನಿಂದ ನೋಡಿದವರಿಗೆ ಗಲಾಟೆ. ಇನ್ನೂ ದೊಡ್ಡ ಗಾಬರಿ ಅಕ್ಷರದ್ದು. ನಲಿಕಲಿಯಲ್ಲಿ ಅ ಆ ಇ ಈ ಅಂತ ಶುರುವಾಗುವುದಿಲ್ಲ. ರ, ಗ, ಸ, ದ, ಅ ಮೊದಲು ಬರುತ್ತವೆ. ಬರೆಯಲು ಸುಲಭ, ಕೂಡಲೇ "ಸರ", "ದರ", "ಅರಸ" ಅಂತ ಪದ ಕಟ್ಟಬಹುದು.

ಇದನ್ನು ಮನೆಯವರಿಗೆ ಹೇಳದಿದ್ದರೆ ಏನಾಗುತ್ತದೆ ಗೊತ್ತಾ? ಆಗಸ್ಟ್‌ನಲ್ಲಿ ಅಜ್ಜ ಮೊಮ್ಮಗನನ್ನು ಕೂರಿಸಿ "ಅ ಆ ಹೇಳು" ಅನ್ನುತ್ತಾರೆ. ಹುಡುಗ "ರ ಗ ಸ" ಅನ್ನುತ್ತಾನೆ. "ಶಾಲೆಯಲ್ಲಿ ಏನೂ ಕಲಿಸಲ್ಲ" ಅಂತ ತೀರ್ಮಾನ. ಮಾರನೇ ವರ್ಷ ಮಗು ಪೇಟೆಯ ಕಾನ್ವೆಂಟಿನ ವ್ಯಾನಿನಲ್ಲಿ. ಒಂದು ಮಗು ಹೀಗೇ ಹೋದ ಮೇಲೆ ನಾನು ಜೂನ್ ಕೊನೆಯಲ್ಲಿ ಒಂದನೇ ತರಗತಿಯ ಮನೆಯವರನ್ನು ಕರೆದು ನಲಿಕಲಿ ಕೋಣೆಯಲ್ಲಿ ಮಕ್ಕಳ ಪಕ್ಕವೇ ಅರ್ಧ ಗಂಟೆ ಕೂರಿಸಲು ಶುರುಮಾಡಿದೆ. ಕಲಿಕೆಯ ಹಂತಗಳನ್ನು ಮೆಟ್ಟಿಲಾಗಿ ಬರೆದ ಏಣಿಯ ಚಿತ್ರ ತೋರಿಸಿ "ನಿಮ್ಮ ಮಗಳು ಈಗ ಈ ಮೆಟ್ಟಿಲಲ್ಲಿದ್ದಾಳೆ, ದಸರಾ ಹೊತ್ತಿಗೆ ಇಲ್ಲಿಗೆ ಬರಬೇಕು" ಅಂದರೆ ಮುಗಿಯಿತು. ಎಷ್ಟನೇ ರ‍್ಯಾಂಕು ಅಂತ ಆಮೇಲೆ ಯಾರೂ ಕೇಳುವುದಿಲ್ಲ.

ದೊಡ್ಡ ತರಗತಿಗಳಲ್ಲಿ ಗ್ರೇಡು. ಬಿ ಪ್ಲಸ್ ಅಂದರೆ 50ರಿಂದ 69 ಅಂತ ಹೇಳಿ ನಿಲ್ಲಿಸಬೇಡಿ. "ಕೂಡುವುದು, ಕಳೆಯುವುದು ಚೆನ್ನಾಗಿ ಬರುತ್ತದೆ. ಭಾಗಾಕಾರದಲ್ಲಿ ಮುಂದಿನ ಅಂಕಿ ಇಳಿಸಿಕೊಳ್ಳುವಾಗ ತಪ್ಪುತ್ತಾನೆ. ಅಂಗಡಿಗೆ ಹೋದಾಗ ಅವನ ಕೈಲೇ ಲೆಕ್ಕ ಮಾಡಿಸಿ." ಇಷ್ಟು ಹೇಳಿದರೆ ಮನೆಗೆ ಒಂದು ಕೆಲಸ ಸಿಕ್ಕಿತು.

ಫೋನ್ ಬಂದರೆ ಎದೆ ಧಸಕ್ ಅನ್ನಬಾರದು

ನಾನು ಫೋನ್ ಮಾಡಿದಾಗ ತಾಯಂದಿರು ಮೊದಲು ಹೇಳುತ್ತಿದ್ದದ್ದು "ಅಯ್ಯೋ, ಏನಾಯ್ತು ಮಿಸ್?" ಯಾಕೆಂದರೆ ಶಾಲೆಯಿಂದ ಫೋನ್ ಬಂದರೆ ಒಂದೋ ಮಗು ಬಿದ್ದಿರಬೇಕು, ಇಲ್ಲವೇ ದೂರು ಇರಬೇಕು. ಅದನ್ನು ಬದಲಾಯಿಸಲು ಪ್ರತಿ ಶುಕ್ರವಾರ ಸಂಜೆ ಎರಡು ಮನೆಗೆ ಫೋನ್ ಮಾಡುತ್ತೇನೆ. ಒಳ್ಳೆಯ ಸುದ್ದಿ ಹೇಳಲು ಮಾತ್ರ. "ಇವತ್ತು ನಿಮ್ಮ ಮಗ ಹೊಸ ಹುಡುಗನಿಗೆ ತಾನೇ ಹೋಗಿ ಜಾಗ ಕೊಟ್ಟ" ಅಂತ. ಎರಡು ನಿಮಿಷ ಸಾಕು. ಅರವತ್ತು ಮಕ್ಕಳಿದ್ದರೆ ಒಂದು ವರ್ಷದಲ್ಲಿ ಎಲ್ಲರ ಸರದಿಯೂ ಬರುತ್ತದೆ.

ಮೊದಲ ಸಲ ಹೀಗೆ ಫೋನ್ ಮಾಡಿದಾಗ ಒಬ್ಬರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಷ್ಟೇನಾ ಅಕ್ಕೋರೆ? ಬೇರೇನೂ ಇಲ್ವಾ?" ಅಂದರು.

ಕೆಟ್ಟ ಸುದ್ದಿ ಇದ್ದರೆ ಫೋನಿನಲ್ಲಿ ಬೇಡ, ಗೇಟಿನ ಹತ್ತಿರ ಉಳಿದವರ ಎದುರೂ ಬೇಡ. ಬರಹೇಳಿ, ಕೂರಿಸಿ, ನೀರು ಕೊಡಿ. ಕಂಡದ್ದನ್ನು ಹೇಳಿ, ಹಣೆಪಟ್ಟಿ ಕಟ್ಟಬೇಡಿ. "ಕದಿಯುತ್ತಾನೆ" ಅನ್ನುವುದು ಬೇರೆ, "ಎರಡು ಸಲ ಬೇರೆಯವರ ಪೆನ್ಸಿಲ್ ಇವನ ಚೀಲದಲ್ಲಿತ್ತು" ಅನ್ನುವುದು ಬೇರೆ. ಆಮೇಲೆ ಸುಮ್ಮನಿರಿ. ಮನೆಯಲ್ಲಿ ಏನಾಗಿದೆ ಅಂತ ಅವರೇ ಹೇಳುತ್ತಾರೆ.

ಸಭೆ: ಯಾವಾಗ, ಎಲ್ಲಿ

ಜುಲೈ ಬಿಡಿ ಅಂತ ಹೇಳಬೇಕಾಗಿಲ್ಲ. ಅಡಿಕೆ ಊರಾದರೆ ಕೊಯ್ಲು ಶುರುವಾದ ಮೇಲೆ ರಾತ್ರಿ ಹನ್ನೊಂದರವರೆಗೂ ಸುಲಿಯುತ್ತಾ ಕೂತಿರುತ್ತಾರೆ. ಕಲಬುರಗಿ, ಯಾದಗಿರಿ ಕಡೆಯಾದರೆ ತೊಗರಿ ರಾಶಿ. ಕಬ್ಬು ಕಡಿಯಲು ಹೋಗುವವರ ಊರಾದರೆ ಆ ಕಾಲಕ್ಕೆ ಕುಟುಂಬಕ್ಕೆ ಕುಟುಂಬವೇ ಗುಳೆ ಹೋಗಿರುತ್ತದೆ. ತಾರೀಖನ್ನು ನೀವು ಗೊತ್ತುಮಾಡಬೇಡಿ, ಎಸ್‌ಡಿಎಂಸಿಯ, ಅಂದರೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ತಾಯಂದಿರನ್ನು ಕೇಳಿ. ಕಾಯ್ದೆಯ ಪ್ರಕಾರ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಹೆಂಗಸರು ಇರಬೇಕು. ಹೆಸರಿಗೆ ಇರುತ್ತಾರೆ, ಸಭೆಗೆ ಗಂಡ ಬರುತ್ತಾನೆ. "ಅವರನ್ನೇ ಕಳಿಸಿ" ಅಂತ ಎರಡು ಸಲ ವಾಪಸ್ ಕಳಿಸಿದರೆ ಮೂರನೇ ಸಲ ಅವರೇ ಬರುತ್ತಾರೆ.

ಎಲ್ಲರೂ ಶಾಲೆಗೇ ಬರಬೇಕು ಅಂತಲೂ ಇಲ್ಲ. ದೂರದ ಕೇರಿಗೆ ನಾವೇ ಹೋಗಿ ಯಾರದಾದರೂ ಜಗಲಿಯಲ್ಲಿ ಸಂಜೆ ಆರಕ್ಕೆ ಕೂರುತ್ತೇವೆ. ಹತ್ತು ಮನೆಯವರು ಬಂದರೂ ಸಾಕು. ಭಾಷಣ ಇಲ್ಲ. ಒಂದೊಂದು ಮಗು ಒಂದು ಪುಟ ಓದುತ್ತದೆ. ಅದಾದ ಮೇಲೆ ಒಂದು ಪ್ರಶ್ನೆ ಮಾತ್ರ ಕೇಳುತ್ತೇವೆ: "ಶಾಲೆಯಿಂದ ನಿಮಗೆ ಗೊತ್ತಾಗದೇ ಹೋದದ್ದು ಏನು?" ಮೊದಲ ಸಲ ಯಾರೂ ಬಾಯಿ ಬಿಡುವುದಿಲ್ಲ. ಎರಡನೇ ಸಲ ಬೈಗುಳವೇ ಬರುತ್ತದೆ. ಬರೆದುಕೊಳ್ಳಿ. ಊರವರನ್ನು ಕರೆದು ಮಕ್ಕಳ ಕಲಿಕೆ ತೋರಿಸುವ ಸಮುದಾಯದತ್ತ ಶಾಲೆ ಕಾರ್ಯಕ್ರಮ ಇದ್ದೇ ಇದೆಯಲ್ಲ, ಅದರ ದಿನ ಈ ಬರೆದುಕೊಂಡದ್ದನ್ನೇ ಮೊದಲು ಓದಿ, ಏನು ಸರಿಮಾಡಿದಿರಿ ಅಂತ ಹೇಳಿ.

ಮುಟ್ಟಿತಾ ಅಂತ ನೋಡುವುದು

ನೀಲಿ ಟಿಕ್ ನಂಬಬೇಡಿ. ಫೋನ್ ತೆರೆದದ್ದು ಮಗು ಇರಬಹುದು. ಮುಖ್ಯವಾದ ಸುದ್ದಿ ಕಳಿಸಿದ ಮಾರನೇ ದಿನ ಹಾಜರಿ ಕರೆಯುವಾಗ ಒಂದು ಪ್ರಶ್ನೆ ಸೇರಿಸಿ: "ನಾಳೆ ಎಷ್ಟು ಗಂಟೆಗೆ ಬರಬೇಕು ಅಂತ ಮನೆಯಲ್ಲಿ ಯಾರು ಹೇಳಿದರು?" ಅಮ್ಮ, ಅಜ್ಜಿ, ಪಕ್ಕದ ಮನೆಯ ದೊಡ್ಡಮ್ಮ, ಯಾರೂ ಇಲ್ಲ. "ಯಾರೂ ಇಲ್ಲ" ಅಂದವರ ಹೆಸರಿಗೆ ನೋಟ್‌ಬುಕ್‌ನಲ್ಲಿ ಪೆನ್ಸಿಲ್‌ನಿಂದ ಒಂದು ಚುಕ್ಕೆ ಇಡಿ. ಎರಡು ತಿಂಗಳಲ್ಲಿ ಗೊತ್ತಾಗುತ್ತದೆ, ಚುಕ್ಕೆ ಬೀಳುವುದು ಯಾವಾಗಲೂ ಅದೇ ಏಳೆಂಟು ಮನೆಗೆ. ಆ ಮನೆಗಳಿಗೆ ಮೆಸೇಜ್ ಕಳಿಸುವುದನ್ನು ನಿಲ್ಲಿಸಿ, ನಡೆದು ಹೋಗಿ.

ದಸರಾ ರಜೆ ಮುಗಿದ ಮೇಲೆ ಒಮ್ಮೆ, ಸಂಕ್ರಾಂತಿ ಆದ ಮೇಲೆ ಒಮ್ಮೆ ಎಲ್ಲ ನಂಬರಿಗೂ ಮಿಸ್ ಕಾಲ್ ಕೊಟ್ಟು ನೋಡಿ. ರೀಚಾರ್ಜ್ ಮುಗಿದು, ಸಿಮ್ ಬದಲಾಗಿ ಕೆಲವು ಸತ್ತಿರುತ್ತವೆ. ನಮ್ಮ ನೋಟ್‌ಬುಕ್‌ನಲ್ಲಿ ಒಂದು ಹುಡುಗಿಯ ಸಾಲಿನಲ್ಲಿ ನಾಲ್ಕು ನಂಬರು ಹೊಡೆದುಹಾಕಿದೆ. ಐದನೆಯ ಜಾಗದಲ್ಲಿ ಬರೆದಿರುವುದು: "ಡೈರಿಯಲ್ಲಿ ಹೇಳಿ, ಅವಳ ಚಿಕ್ಕಪ್ಪ ಬೆಳಿಗ್ಗೆ ಹಾಲು ಹಾಕುತ್ತಾರೆ."